ಹದಿಮೂರು ಗುಳಿಗೆ

ಹಂಸಭಾವಿ
೧೯ ಮೇ ೨೦೨೧, ಬುಧವಾರ ಸಂಜೆ

ಶೈಲಾನ ಅವ್ವನಿಗೆ,

ಮೊದಲು ‘ಚಿ. ಸೌ. ವೀರವ್ವನಿಗೆ ಅನೇಕ ಆಶೀರ್ವಾದಗಳು’ ಎಂದು ಬರೆದಿದ್ದೆ. ಓದಿ ನೋಡಿದರೆ ಪಂಚಾಯಿತಿಯಿಂದ ಬಂದ ನೋಟೀಸಿನ ಹಾಗೆ ಕಂಡಿತು, ಹೊಡೆದುಹಾಕಿದೆ. ಮನೆಯಲ್ಲಿ ಕರೆಯುವ ಹಾಗೆಯೇ ಬರೆದಿದ್ದೇನೆ. ಬರೆಯಲು ಕೂತರೆ ನನಗೆ ಶಾಲೆಯ ಕನ್ನಡವೇ ಬರುತ್ತದೆ, ನಗಬೇಡ. ಶೈಲಾ ಹೇಗಿದ್ದಾಳೆ? ಬಾಣಂತಿಗೆಂದು ನೀನು ಮಾಡಿಕೊಡುವ ಅಳವಿ ಪಾಯಸ ಕುಡಿಯುತ್ತಾಳೋ, ಚಿಕ್ಕಂದಿನ ಹಾಗೆ ಮೂಗು ಮುಚ್ಚಿಕೊಂಡು ಅಳುತ್ತಾಳೋ? ಕೂಸಿಗೆ ಇವತ್ತಿಗೆ ಇಪ್ಪತ್ನಾಲ್ಕು ದಿನ. ಫೋನಿನಲ್ಲಿ ಅದರ ಅಳು ಕೇಳಿದೆ, ಗಂಟಲು ನಿನ್ನದೇ. ಅಳಿಯಂದಿರ ಎಲೆತೋಟಕ್ಕೆ ಮೊನ್ನೆಯ ಗಾಳಿಮಳೆಯಿಂದ ಏನೂ ಆಗಿಲ್ಲ ತಾನೆ? ಇನ್ನು ನಿನ್ನ ತಲೆ. ರವಿವಾರ ನೀನೇ ಹೇಳಿದೆ, ‘ತಲಿ ಒಂಚೂರ ಭಾರ ಐತ್ರಿ, ಹೆಡಕು ಹಿಡದಂಗ ಆಗೇತಿ, ಕೂಸು ಮಲಗಗೊಡಾಂಗಿಲ್ಲಲ್ಲ, ಅದಕ್ಕ’ ಎಂದು. ನಾನು ‘ಹೂಂ, ನಿದ್ದಿಗೆಟ್ರ ಹಂಗ’ ಎಂದು ಫೋನ್ ಇಟ್ಟುಬಿಟ್ಟೆ. ಆ ತಲೆ ಈಗ ಹೇಗಿದೆ? ಇದನ್ನು ವಾಡಿಕೆಗೆಂದು ಕೇಳುತ್ತಿಲ್ಲ. ಈ ಪತ್ರವನ್ನೆಲ್ಲ ಬರೆಯುತ್ತಿರುವುದೇ ಅದಕ್ಕಾಗಿ.

ಇದನ್ನು ಶೈಲಾನ ಎದುರು ಓದಬೇಡ. ಹಿತ್ತಲಿಗೆ ಹೋಗಿ ಓದು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಇವತ್ತು ಬೆಳಿಗ್ಗೆಯಿಂದ ಮೂರು ಸಲ ಮಾಡಿದೆ. ನಿನಗೆ ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ, ಸ್ಪೀಕರ್ ಹಾಕಿದರೆ ಬಾಣಂತಿ ಪಕ್ಕದಲ್ಲೇ ಮಲಗಿರುತ್ತಾಳೆ. ಮೂರು ಸಲವೂ ಅಲ್ಲಿ ಮಳೆ ಆಯಿತೇ ಎಂದು ಕೇಳಿ ಇಟ್ಟೆ. ಮೂರನೆಯ ಸಲ ನೀನೇ ‘ಏನ್ ಹುಚ್ಚ ಹಿಡದೈತ್ರೀ, ಮುಂಜಾನಿಂದ ಮಳಿ ಮಳಿ ಅಂತೀರಿ’ ಎಂದೆ. ಹೌದು, ಹುಚ್ಚೇ ಹಿಡಿದಿದೆ. ಬಾಯಿಮಾತಿನಲ್ಲಿ ಹೇಳಿದರೆ ನೀನು ‘ಅದಾವ ಬಿಡ್ರಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀಯ. ಬರೆದ ಲೆಕ್ಕವನ್ನು ಹಾಗೆ ಮುಗಿಸಲು ಬರುವುದಿಲ್ಲ.

ಆದದ್ದು ಇಷ್ಟು. ಶನಿವಾರ ಎದುರುಮನೆಯ ಉಳಿವೆಪ್ಪನಿಗೂ ಅವನ ಹೆಂಡತಿಗೂ ಕೊರೊನಾ ಎಂದು ಬಂತು. ನಿನಗೆ ಹೇಳಿರಲಿಲ್ಲ, ಬಾಣಂತಿ ಮನೆಯಲ್ಲಿ ಸುಮ್ಮನೆ ಯಾಕೆ ಎಂದು. ರವಿವಾರ ಮುಂಜಾನೆ ಓಣಿಯ ಎರಡೂ ಬಾಯಿಗೆ ಬಿದಿರು ಕಟ್ಟಿ ಬಂದ್ ಮಾಡಿದರು. ಹದಿನಾಲ್ಕು ದಿನ ಯಾರೂ ಹೊರಗೆ ಹೋಗುವಂತಿಲ್ಲ. ಹೋದ ವರ್ಷದ ಲಾಕ್‌ಡೌನಿನಲ್ಲಿ ಮುಂಜಾನೆ ಸಂತೆಯಾದರೂ ಇತ್ತು, ಈಗ ಅದೂ ಇಲ್ಲ. ಸೋಮವಾರ ಉಳಿವೆಪ್ಪನಿಗೆ ಉಸಿರು ಸಿಗದಂತಾಗಿ ಗಾಡಿ ಬಂತು. ಹಿರೇಕೆರೂರಿನಲ್ಲಿ ಹಾಸಿಗೆ ಇಲ್ಲ, ಹಾನಗಲ್ಲಿನಲ್ಲಿ ಇಲ್ಲ, ಶಿಗ್ಗಾವಿಯಲ್ಲಿ ಕೇಳಿದರೆ ಅಲ್ಲಿಯೂ ಇಲ್ಲ. ಗಾಡಿಯವನು ಓಣಿಯ ಬಾಯಲ್ಲಿ ನಿಂತುಕೊಂಡೇ ಒಂದು ತಾಸು ಫೋನ್ ಮಾಡಿದ. ಕಡೆಗೆ ಹಾವೇರಿಯಲ್ಲಿ ಹೇಗೋ ಸಿಕ್ಕಿತು. ಜೀವಕ್ಕೆ ಅಪಾಯವಿಲ್ಲ ಎಂದು ಇವತ್ತು ಹೇಳಿದ್ದಾರೆ. ಆ ಒಂದು ತಾಸು ಬಾಗಿಲಲ್ಲಿ ನಿಂತು ನೋಡಿದೆ. ಯಾರಿಗೆ ಏನಾದರೂ ಆಗಲಿ, ಈಗ ಮಾತ್ರ ಆಗಬಾರದು ಎಂದುಕೊಂಡೆ.

ಅವತ್ತೇ ಮಧ್ಯಾಹ್ನ ಆಶಾ ಕಾರ್ಯಕರ್ತೆ ವಿದ್ಯಾ ಬಿದಿರಿನ ಆಚೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದಳು. ‘ಮನ್ಯಾಗ ಏನೇನ ಐತಿ, ಏನೇನ ಇಲ್ಲ, ಬರದ ಕೊಡ್ರಿ. ಇಲ್ಲದ್ದನ್ನ ನಾ ತಂದ ಕೊಡ್ತೇನಿ. ಮರತ ಹೋತು ಅಂತ ದಿನಾ ಕರೀಬ್ಯಾಡ್ರಿ ಮತ್ತ’ ಎಂದಳು. ನನಗೆ ಉಮೇದು ಬಂತು. ಜನಗಣತಿ, ಮಕ್ಕಳ ಗಣತಿ, ಮತದಾರರ ಪಟ್ಟಿ, ಕಡೆಗೆ ದನಗಳ ಗಣತಿಯನ್ನೂ ಮಾಡಿದ ಮಾಸ್ತರ ನಾನು. ಒಂದು ಮನೆಯ ಪಟ್ಟಿ ಎಷ್ಟರದು? ಪಾಟಿ, ಬಳಪ ಹಿಡಿದು ಅಡುಗೆಮನೆಗೆ ಹೊಕ್ಕೆ. ಪ್ರಶಾಂತ ವರ್ಕ್‌ಶಾಪ್ ಬಂದ್ ಮಾಡಿ ಮನೆಯಲ್ಲೇ ಇದ್ದಾನೆ, ಅವನು ಬಾಗಿಲಲ್ಲೇ ನಿಂತು ‘ಅಪ್ಪಾ, ಅವ್ವ ಇಲ್ಲದಾಗ ಅಲ್ಲಿ ಕೈ ಹಾಕಬ್ಯಾಡ’ ಎಂದ. ಶ್ವೇತಾ ಮಾತ್ರ ‘ಬರ್ರಿ ಮಾವಾರ, ನನಗೂ ಎಲ್ಲಾ ಗೊತ್ತಿಲ್ಲ, ಇಬ್ಬರೂ ನೋಡೋಣು’ ಎಂದಳು.

ಎಂಥ ಮನೆ ನಡೆಸಿದ್ದೀಯೇ ನೀನು! ಬೆಲ್ಲದ ಪೆಂಟೆ ಜೋಳದ ಚೀಲದೊಳಗೆ. ಕಡ್ಡಿಪೆಟ್ಟಿಗೆ ಹದಿನಾಲ್ಕು, ಅಕ್ಕಿ ಡಬ್ಬಿಯ ತಳದಲ್ಲಿ, ಥಂಡಿ ಹಿಡಿಯಬಾರದೆಂದು. ಗುರೆಳ್ಳು ಪುಡಿ ಎಲ್ಲಿದೆಯೆಂದು ಅರ್ಧ ದಿನ ಹುಡುಕಿದೆವು, ಕಡೆಗೆ ‘ಸೋಡಾ’ ಎಂದು ನಾನೇ ಚೀಟಿ ಬರೆದು ಅಂಟಿಸಿದ್ದ ಡಬ್ಬಿಯಲ್ಲಿ ಸಿಕ್ಕಿತು. ಚೀಟಿ ಬರೆದುಕೊಟ್ಟಾಗ ‘ಭಾಳ ಛಲೋ ಆತ್ರಿ’ ಎಂದವಳು ಒಂದು ದಿನವಾದರೂ ಅದನ್ನು ಪಾಲಿಸಲಿಲ್ಲ ಅನ್ನು. ಜೋಳ ಎರಡು ಚೀಲ, ಅಕ್ಕಿ ಒಂದು ಡಬ್ಬಿ, ಬೇಳೆ ಎಂಟು ಸೇರು, ಶೇಂಗಾ, ಹಪ್ಪಳ, ಸಂಡಿಗೆ, ಒಂದು ಭರಣಿ ಕೆಂಪು ಚಟ್ನಿ. ಇಲ್ಲದ್ದು ಬಹಳ ಕಡಿಮೆ. ಜ್ವರ ನೋಡುವ ಕಡ್ಡಿ ಒಡೆದಿದೆ, ಬೆರಳಿಗೆ ಹಚ್ಚುವ ಆಕ್ಸಿಜನ್ ಮೀಟರ್ ಇಲ್ಲ, ಸಾಬೂನು ಎರಡೇ, ಎರಡನೆಯ ಸಿಲಿಂಡರ್ ಖಾಲಿ. ಇಡೀ ಓಣಿಯಲ್ಲಿ ಇಷ್ಟು ಸಣ್ಣ ಪಟ್ಟಿ ಯಾರದೂ ಇಲ್ಲ ಎಂದು ಎದೆಯುಬ್ಬಿಸಿ ಇವತ್ತು ಮುಂಜಾನೆ ವಿದ್ಯಾಳಿಗೆ ಓದಿ ಹೇಳಿದೆ. ಅವಳು ‘ಬಿ.ಪಿ. ಗುಳಿಗಿ ಬರದಿಲ್ಲಲ್ರಿ ಸರ’ ಎಂದಳು.

ಬರೆದಿರಲಿಲ್ಲ, ಯಾಕೆಂದರೆ ಗುಳಿಗೆ ನನ್ನ ಮಟ್ಟಿಗೆ ಯಾವತ್ತೂ ಒಂದು ಸಾಮಾನಾಗಿರಲಿಲ್ಲ. ಊಟವಾದ ಮೇಲೆ ತಾಟಿನ ಬಲಕ್ಕೆ ಒಂದು ಬಿಳಿ ಗುಳಿಗೆ, ಒಂದು ತಂಬಿಗೆ ನೀರು. ನೀನು ಇಡುತ್ತಿದ್ದೆ, ನಾನು ನುಂಗುತ್ತಿದ್ದೆ. ನೀನು ಹೋದ ಮೇಲೆ ಶ್ವೇತಾ ಇಡುತ್ತಾಳೆ, ನಾನು ನುಂಗುತ್ತೇನೆ. ಎಲ್ಲಿಂದ ಬರುತ್ತದೆ, ಎಷ್ಟು ಉಳಿದಿದೆ ಎಂದು ಕೇಳಿದವನೇ ಅಲ್ಲ. ಶ್ವೇತಾ ನೀನು ಕೊಟ್ಟುಹೋದ ಸ್ಟೀಲ್ ಡಬ್ಬಿ ತಂದಳು. ಎಣಿಸಿದೆ, ಹದಿಮೂರು ಇದ್ದವು. ‘ಸರಕಾರಿ ದವಾಖಾನಿಯಾಗ ಈ ತಿಂಗಳದ್ದು ಇನ್ನೂ ಬಂದಿಲ್ಲರಿ ಸರ. ಫೆಬ್ರವರಿಯಿಂದ ಕಡಿಮೀನ ಬರಾಕತ್ತಾವ, ಒಬ್ಬೊಬ್ಬರಿಗೆ ಇಪ್ಪತ್ತs ಕೊಟ್ಟೇವಿ. ಅಕ್ಕಾರಿಗೆ ಗೊತ್ತೈತಿ, ಉಳದದ್ದು ಅಂಗಡ್ಯಾಗ ತೊಗೋತೇನಿ ಅಂದಿದ್ರು’ ಎಂದು ವಿದ್ಯಾ ತನ್ನ ನೋಟುಬುಕ್ಕು ತೆಗೆದು ತೋರಿಸಿದಳು. ನನ್ನ ಹೆಸರು, ನಿನ್ನ ಹೆಸರು, ಎದುರಿಗೆ ಇಪ್ಪತ್ತು, ಇಪ್ಪತ್ತು. ಮೂರು ತಿಂಗಳೂ ನಿನ್ನ ಸಹಿ. ಶ್ವೇತಾಳ ಕಡೆ ನೋಡಿದೆ. ‘ಅಂಗಡಿಯಿಂದ ಈ ಮನೀಗೆ ಗುಳಿಗಿ ಬಂದಿಲ್ಲರಿ ಮಾವಾರ. ನೀವs ಬ್ಯಾಡ ಅಂದೀರಲ್ಲ’ ಎಂದಳು.

ನೋಡು, ಈಗ ಲೆಕ್ಕ. ಜನವರಿಯ ಗುಳಿಗೆ ಜನವರಿಗೇ ತೀರಿದ್ದವು. ಫೆಬ್ರವರಿ, ಮಾರ್ಚ್, ಏಪ್ರಿಲ್, ಇಬ್ಬರಿಗೂ ಕೂಡಿ ತಿಂಗಳಿಗೆ ನಲವತ್ತು. ಒಟ್ಟು ನೂರಾ ಇಪ್ಪತ್ತು. ಫೆಬ್ರವರಿ ಒಂದರಿಂದ ನಿನ್ನೆಯವರೆಗೆ ನೂರಾ ಏಳು ದಿನ. ನಾನು ಒಂದು ದಿನವೂ ತಪ್ಪಿಸಿಲ್ಲ. ನೂರಾ ಏಳು ನನ್ನ ಹೊಟ್ಟೆಯಲ್ಲಿ, ಹದಿಮೂರು ಡಬ್ಬಿಯಲ್ಲಿ. ಕೂಡಿಸಿದರೆ ನೂರಾ ಇಪ್ಪತ್ತು. ಪಾಟಿ ಒರೆಸಿ ನಾಲ್ಕು ಸಲ ಮಾಡಿದೆ. ಮೂವತ್ತನಾಲ್ಕು ವರ್ಷ ಮಕ್ಕಳ ಲೆಕ್ಕ ತಪ್ಪಾದರೆ ಕಿವಿ ಹಿಂಡಿದವನು, ಇವತ್ತು ನನ್ನ ಲೆಕ್ಕ ತಪ್ಪಾಗಿರಲಿ ಎಂದು ಬೇಡಿಕೊಂಡೆ. ತಪ್ಪಲಿಲ್ಲ. ನಿನ್ನ ಪಾಲಿಗೆ ಒಂದೂ ಬರುವುದಿಲ್ಲ ವೀರವ್ವ. ನೂರಾ ಏಳು ದಿನದಿಂದ ನೀನು ಬಿ.ಪಿ. ಗುಳಿಗೆ ತೆಗೆದುಕೊಂಡಿಲ್ಲ.

ಯುಗಾದಿಯ ಮರುದಿನ ಬಸ್ಸಿನವರ ಮುಷ್ಕರವೆಂದು ಪ್ರಶಾಂತನ ಗಾಡಿಯ ಹಿಂದೆ ಕೂತು ಹೊರಟೆಯಲ್ಲ, ಆಗ ನಾನು ಕಟ್ಟೆಯ ಮೇಲಿಂದಲೇ ಕೇಳಿದೆ, ‘ಗುಳಿಗಿ ತೊಗೊಂಡಿಯೇನ?’ ಎಂದು. ನೀನು ಸೊಂಟದ ಸಂಚಿ ತಟ್ಟಿ ತೋರಿಸಿ ‘ಅದಾವ ಬಿಡ್ರಿ, ಬೇಕಾದಷ್ಟ ಅದಾವ’ ಎಂದೆ. ಆ ಸಂಚಿಯಲ್ಲಿ ಅಡಿಕೆ, ಲವಂಗ ಬಿಟ್ಟರೆ ಏನೂ ಇರಲಿಲ್ಲ ಎಂದು ಇವತ್ತು ಶ್ವೇತಾ ಹೇಳಿದಳು, ತುಂಬಿಕೊಟ್ಟವಳು ಅವಳೇ ಅಂತೆ. ಅವತ್ತು ಸವಣೂರು ಮುಟ್ಟಿದ ಕೂಡಲೇ ಎಂದಿನ ಹಾಗೆ ಎರಡು ರಿಂಗ್ ಕೊಟ್ಟು ಕಟ್ ಮಾಡಿದೆ. ಆ ಎರಡು ರಿಂಗ್ ಕೇಳಿ ನಾನು ನಿಶ್ಚಿಂತೆಯಿಂದ ಚಹಾ ಕುಡಿದೆ. ಹದಿನೈದು ದಿನದ ಮಾತಾಗಿತ್ತು. ಆಮೇಲೆ ಹೆರಿಗೆ, ಆಮೇಲೆ ಲಾಕ್‌ಡೌನ್. ಮೂವತ್ತಾರು ದಿನವಾಯಿತು. ಎಷ್ಟು ಸಲ ಕೇಳಿದರೂ ‘ಅದಾವ’ ಎಂದೇ ಹೇಳುತ್ತ ಬಂದಿದ್ದೀಯ. ಎಷ್ಟು ಅದಾವೆ, ತೋರಿಸು ಎನ್ನುವ ಬುದ್ಧಿ ನನಗೂ ಬರಲಿಲ್ಲ.

ಸಿಟ್ಟು ಎಷ್ಟು ಬಂತೆಂದರೆ ಪಾಟಿ ಎತ್ತಿ ಒಗೆದೆ. ಒಡೆಯಿತು. ನಿನ್ನ ಮೇಲೇ ಕೂಗಾಡಿದೆ, ಎಪ್ಪತ್ತು ಕಿಲೋಮೀಟರ್ ಆಚೆ ಇರುವವಳ ಮೇಲೆ. ಮಾಸೂರಿನ ನಿನ್ನ ಅಣ್ಣನನ್ನು ನೋಡಿಯೂ ಇವಳಿಗೆ ಬುದ್ಧಿ ಬರಲಿಲ್ಲವೇ ಎಂದೆ. ಆರಾಮ ಅನಿಸುತ್ತದೆ ಎಂದು ಅವನು ನಾಲ್ಕು ತಿಂಗಳು ಗುಳಿಗೆ ಬಿಟ್ಟ. ಬಲಗೈ, ಬಲಗಾಲು ಹೋದವು. ಅವನ ಕೈಗೆ ಎಣ್ಣೆ ತಿಕ್ಕಿ ಬಂದು ನನ್ನೆದುರು ಕೂತು ಅತ್ತವಳು ನೀನು. ಅವನಿಗೂ ಮೊದಲು ತಲೆ ಭಾರ, ಕುತ್ತಿಗೆಯ ಹಿಂದೆ ಹೆಡಕು ಹಿಡಿತ. ಹಾಗಾಗಿ ರವಿವಾರ ನೀನು ಹೇಳಿದ ಮಾತು ಇವತ್ತು ಮುಂಜಾನೆಯಿಂದ ನನ್ನ ಕಿವಿಯಲ್ಲಿ ತಿರುಗುತ್ತಲೇ ಇದೆ.

ನಾನು ಕೂಗಿ ಸುಮ್ಮನಾದ ಮೇಲೆ ಶ್ವೇತಾ ಒಡೆದ ಪಾಟಿ ಆರಿಸುತ್ತ ಒಂದು ಮಾತು ಹೇಳಿದಳು. ‘ಅತ್ತಿ ಪಲ್ಯಾ ಮುಗದರ ಖಾರಾ ಎಣ್ಣಿ ಹಚ್ಚಿಕೊಂಡ ಉಣತಾರ್ರಿ ಮಾವಾರ. ರೊಟ್ಟಿ ಕಡಿಮಿ ಬಿದ್ದರ ಹಸವಿಲ್ಲ ಅಂತಾರ. ಗುಳಿಗೀನೂ ಹಂಗs ಮಾಡ್ಯಾರ. ನಿಮಗ ಗೊತ್ತಿರಲಿಲ್ಲೇನ್ರಿ?’ ಎಂದಳು. ಗೊತ್ತಿರಲಿಲ್ಲ. ನಾವೆಲ್ಲ ಉಂಡು ಎದ್ದ ಮೇಲೆ ನೀನು ಉಣ್ಣುತ್ತೀಯ. ನಾನು ಆಗ ಕಟ್ಟೆಯ ಮೇಲೆ ಪೇಪರ್ ಹಿಡಿದಿರುತ್ತೇನೆ. ಮದುವೆಯಾದಾಗಿನಿಂದ ನಿನ್ನ ತಾಟಿನಲ್ಲಿ ಏನಿರುತ್ತದೆ ಎಂದು ನಾನು ನೋಡಿಲ್ಲ. ತಾಲೂಕಿನ ದನಗಳನ್ನು ಎಣಿಸಿದೆ, ನಿನ್ನ ತಾಟನ್ನು ನೋಡಲಿಲ್ಲ. ಮೊದಲು ಗಂಡಸರಿಗೆ, ಮಕ್ಕಳಿಗೆ, ಉಳಿದರೆ ನಿನಗೆ. ರೊಟ್ಟಿಗೆ ಇದ್ದ ಪದ್ಧತಿಯನ್ನೇ ನೀನು ಗುಳಿಗೆಗೂ ನಡೆಸಿದ್ದೀಯ. ಮನೆಯ ಪಟ್ಟಿ ಅಷ್ಟು ಸಣ್ಣದಾಗಿ ಯಾಕಿತ್ತು ಎಂದು ನನಗೆ ಈಗ ಅರ್ಥವಾಯಿತು. ಇಲ್ಲದ್ದೆಲ್ಲವನ್ನೂ ನೀನು ನಿನ್ನ ಕಡೆಗೆ ಎಳೆದುಕೊಂಡಿದ್ದೆ.

ಆದರೆ ಇದರಲ್ಲಿ ನನ್ನ ತಪ್ಪೇ ದೊಡ್ಡದು, ಬರೆದೇ ಬಿಡುತ್ತೇನೆ. ಎರಡು ವರ್ಷದ ಹಿಂದೆ ಅಂಗಡಿಯ ಹಳದಿ ಗುಳಿಗೆ ತಿಂದು ನನ್ನ ಕಾಲು ಬಾತವು. ಅಂಗಡಿಯವನ ಕೂಡ ಜಗಳಾಡಿ ಬಂದು, ಪಡಸಾಲೆಯಲ್ಲಿ ನಿಂತು, ‘ಸರಕಾರಿ ಬಿಳೇ ಗುಳಿಗಿ ಬಿಟ್ಟು ಬ್ಯಾರೇದ್ದು ಈ ಮನ್ಯಾಗ ಕಾಲಿಡಬಾರದು’ ಎಂದು ಕೂಗಿದವನು ನಾನು. ಬಿಳಿ ಗುಳಿಗೆ ಕಡಿಮೆಯಾದಾಗ ನೀನು ಏನು ಮಾಡಬೇಕಾಗಿತ್ತು? ನನಗೆ ಹೇಳಿದ್ದರೆ ಕೂಗುತ್ತಿದ್ದೆ. ಅಂಗಡಿಯದು ತಂದಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ. ನನ್ನ ಕೂಗಿಗೆ ಅಂಜಿ ನೀನು ನಿನ್ನವನ್ನೆಲ್ಲ ನನಗೆ ಇಟ್ಟೆ. ‘ನನಗೇನ ಧಾಡಿ ಆಗೇತಿ’ ಎಂದು ನಿನಗೆ ನೀನೇ ಹೇಳಿಕೊಂಡಿರುತ್ತೀಯ. ನನಗೆ ನಾಚಿಕೆಯಾಗುತ್ತದೆ ವೀರವ್ವ. ಸಿಟ್ಟು ಇಳಿದ ಮೇಲೆ ಉಳಿದದ್ದು ಅದೊಂದೇ. ಹೆದರಿಕೆಯೂ ಇದೆ, ಬಹಳ ಇದೆ.

ಈಗ ಮಾಡಬೇಕಾದದ್ದು ಹೇಳುತ್ತೇನೆ, ವಾದ ಮಾಡಬೇಡ. ವಿದ್ಯಾ ನನ್ನೆದುರಿಗೇ ಡಾಕ್ಟರರಿಗೆ ಫೋನ್ ಹಚ್ಚಿದಳು. ಅವರು ಹೇಳಿದ್ದು, ತಡಮಾಡದೆ ಬಿ.ಪಿ. ನೋಡಿಸಬೇಕು, ನಾಳೆಯಿಂದಲೇ ಗುಳಿಗೆ ಶುರುಮಾಡಬೇಕು, ಮಾತು ತೊದಲಿದರೆ, ಕೈ ಜುಮುಗುಟ್ಟಿದರೆ ಆ ಕ್ಷಣವೇ ದವಾಖಾನೆಗೆ ಹೋಗಬೇಕು. ಬಾಣಂತಿಯನ್ನು ನೋಡಲು ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ನಾಳೆ ಬರುತ್ತಾಳಂತೆ, ವಿದ್ಯಾ ಅವಳಿಗೂ ಹೇಳಿದ್ದಾಳೆ. ಶೈಲಾನ ಪಕ್ಕದಲ್ಲಿ ಕೂತು ನಿನ್ನ ತೋಳನ್ನೂ ಚಾಚು. ಸವಣೂರಿನಿಂದ ತರಕಾರಿ, ಎಲೆ ತರುವ ಮುಸ್ತಾಕ ನಾಳೆ ಮುಂಜಾನೆ ಆರಕ್ಕೆ ಇಲ್ಲಿಂದ ಖಾಲಿ ಗಾಡಿ ಹೊಡೆದುಕೊಂಡು ಮರಳುತ್ತಾನೆ. ಅವನಿಗೆ ಪಾಸ್ ಇದೆ. ಅವನ ಕೈಯಲ್ಲಿ ಈ ಪತ್ರ, ಸ್ಟೀಲ್ ಡಬ್ಬಿ ಕೊಡುತ್ತೇನೆ. ಡಬ್ಬಿಯಲ್ಲಿ ನಿನಗೆ ಆರು ಗುಳಿಗೆ ಇಟ್ಟಿದ್ದೇನೆ, ನನಗೆ ಏಳು ಇಟ್ಟುಕೊಂಡಿದ್ದೇನೆ. ಅವು ತೀರುವುದರೊಳಗೆ ಅಳಿಯಂದಿರಿಗೆ ಹೇಳಿ ಅಲ್ಲಿಯ ಅಂಗಡಿಯಿಂದ ತರಿಸಿಕೋ. ನನಗೂ ವಿದ್ಯಾ ಅಂಗಡಿಯ ಹಳದಿ ಗುಳಿಗೆ ತಂದುಕೊಟ್ಟಿದ್ದಾಳೆ, ಈ ಏಳು ಮುಗಿದ ಮೇಲೆ ಅವನ್ನೇ ತೆಗೆದುಕೊಳ್ಳುತ್ತೇನೆ. ಕಾಲು ಬಾತರೆ ಬಾತುಕೊಳ್ಳಲಿ, ಡಾಕ್ಟರರಿಗೆ ಹೇಳಿದರಾಯಿತು. ಮುಸ್ತಾಕ ಹತ್ತರ ಸುಮಾರಿಗೆ ನಿಮ್ಮ ಬಾಗಿಲಲ್ಲಿರುತ್ತಾನೆ. ಗುಳಿಗೆ ನುಂಗಿ ಎರಡು ರಿಂಗ್ ಕೊಡು. ಹನ್ನೆರಡರೊಳಗೆ ರಿಂಗ್ ಬರದಿದ್ದರೆ ಅಳಿಯಂದಿರಿಗೆ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಬೀಗರ ಮನೆಯಲ್ಲಿ ಮಾನ ಹೋಯಿತು ಎಂದು ನೀನು ವರ್ಷ ಮಾತು ಬಿಟ್ಟರೂ ಸರಿಯೇ.

ಇಲ್ಲಿ ಎಲ್ಲರೂ ಆರಾಮ. ಯಾರಿಗೂ ಜ್ವರವಿಲ್ಲ. ಬಸವ ಜಯಂತಿಯೂ ರಂಜಾನ್ ಹಬ್ಬವೂ ಈ ಸಲ ಒಂದೇ ದಿನ ಬಂದಿದ್ದವು, ಎರಡೂ ಬಾಗಿಲು ಮುಚ್ಚಿಕೊಂಡೇ ಆದವು. ಶ್ವೇತಾ ಹೋಳಿಗೆ ಮಾಡಿದ್ದಳು, ಕಣಕ ಸ್ವಲ್ಪ ಗಟ್ಟಿಯಾಗಿತ್ತು, ನಾನು ಏನೂ ಅನ್ನಲಿಲ್ಲ. ಶೈಲಾಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ಬಸವಣ್ಣನಿಗೆ ಮುಂಜಾನೆ ಲಿಂಗಪೂಜೆಯಲ್ಲಿ ಹೇಳಿದ್ದೇನೆ, ನನ್ನ ತಪ್ಪಿಗೆ ಇವಳನ್ನು ದಂಡಿಸಬೇಡ ಎಂದು.

ನಿನ್ನ
ನಾಗಪ್ಪ ಮಾಸ್ತರ

ತಾ. ಕ. ಗುರುವಾರ ಮುಂಜಾನೆ. ಮುಸ್ತಾಕ ಬಿದಿರಿನ ಆಚೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಊಟವಾದ ಮೇಲೆ ಶ್ವೇತಾ ಎಂದಿನಂತೆ ಗುಳಿಗೆ, ನೀರು ತಂದಿಟ್ಟಳು. ಗುಳಿಗೆಯನ್ನು ಕೈಯಲ್ಲಿ ಹಿಡಿದು ಮೇಲಿನದನ್ನು ಒಮ್ಮೆ ಓದಿ ನೋಡಿದೆ. ನಿನಗೆ ಆರು, ನನಗೆ ಏಳು ಎಂದು ಬರೆದಿದ್ದೇನೆ. ಇಷ್ಟೆಲ್ಲ ತಿಳಿದ ಮೇಲೆಯೂ, ಹದಿಮೂರನ್ನು ಎರಡು ಪಾಲು ಮಾಡುವಾಗ ದೊಡ್ಡ ಪಾಲು ನನ್ನ ಕಡೆಗೇ ಬಂದಿದೆ. ಕೈ ತಾನೇ ಹಾಗೆ ಬರೆದಿದೆ. ಅದನ್ನು ಹೊಡೆದುಹಾಕಿಲ್ಲ, ನೀನು ನೋಡಲಿ ಎಂದು ಹಾಗೆಯೇ ಬಿಟ್ಟಿದ್ದೇನೆ. ಕೈಯಲ್ಲಿದ್ದ ಗುಳಿಗೆಯನ್ನೂ ನನಗೆಂದು ತೆಗೆದಿಟ್ಟಿದ್ದ ಉಳಿದ ಆರನ್ನೂ ಡಬ್ಬಿಗೆ ಮರಳಿ ಹಾಕಿದೆ. ಡಬ್ಬಿಯಲ್ಲಿ ಹದಿಮೂರೂ ಇವೆ, ಎಣಿಸಿಕೋ, ಎಲ್ಲ ನಿನ್ನವು. ನಾನು ನಿನ್ನೆಯದನ್ನು ನುಂಗಿಲ್ಲ. ಹಳದಿ ಗುಳಿಗೆ, ತುಂಬಿದ ತಂಬಿಗೆ, ಫೋನು, ಮೂರನ್ನೂ ಮುಂದೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತೇನೆ. ನಿನ್ನ ಎರಡು ರಿಂಗ್ ಬಂದ ಮೇಲೆಯೇ ನಾನು. ಮೊದಲು ನೀನು.